ಕಂಬ ಹತ್ತುವ ಮೊದಲು ಹತ್ತನೇ ಕ್ಲಾಸು

ಇತಿಹಾಸದ ಈ ಕಂತಿನಲ್ಲಿ ಇವತ್ತು ರಾಜರ ಕತೆ ಇಲ್ಲ, ಯುದ್ಧದ ಕತೆಯೂ ಇಲ್ಲ. ನಿಮ್ಮ ಫೋನ್ ಚಾರ್ಜ್ ಆಗೋ ಕರೆಂಟಿದೆಯಲ್ಲ, ಅದರ ಕೆಲಸವನ್ನು ನಮ್ಮ ನಾಡು ಯಾರಿಗೆ ಕಲಿಸಿತು, ಯಾವ ವಯಸ್ಸಿನಲ್ಲಿ ಕಲಿಸಿತು ಅನ್ನೋ ಕತೆ.

ಜೇವರ್ಗಿ ಕಡೆಯ ಇಜೇರಿಯಿಂದ ಶುರು ಮಾಡೋಣ. ಇಂಥ ಊರಲ್ಲಿ ಹೊಲದ ಮೋಟರ್ ಕೂತರೆ, ಮನೆಯ ಫ್ಯೂಸ್ ಹಾರಿದರೆ, ಲೈನ್‌ಮನ್ ಬರೋದು ತಡ ಆದರೆ ಏನಂತಾರೆ? "ಆ ಹುಡುಗನ್ನ ಕರೀರಿ, ಅವಂಗ ಗೊತ್ತದ." ಹೌದು, ಅವನಿಗೆ ಗೊತ್ತಿದೆ. ಆದರೆ ಕಲಿತದ್ದು ಶಾಲೆಯಲ್ಲಲ್ಲ. ವೈರಿಂಗ್ ಮೇಸ್ತ್ರಿಯ ಹಿಂದೆ ಚೀಲ ಹೊತ್ತು, ನೋಡಿ ನೋಡಿ ಕಲಿತದ್ದು. ಕೈ ಚುರುಕು, ಧೈರ್ಯವೂ ಜಾಸ್ತಿ. ಅರ್ಥಿಂಗ್ ಯಾಕೆ ಬೇಕು, ಹಸಿ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಯಾಕೆ ಮುಟ್ಟಬಾರದು ಅನ್ನೋದನ್ನ ಅವನಿಗೆ ಯಾರೂ ಕೂಡಿಸಿ ಹೇಳಿರೋದಿಲ್ಲ. ಕರೆಂಟಿನ ಕೆಲಸದಲ್ಲಿ ಎರಡನೇ ಅವಕಾಶ ಯಾವಾಗಲೂ ಸಿಗಲ್ಲ.

ಹಾಗಾದರೆ ಹೈಸ್ಕೂಲಿನಲ್ಲೇ ಇದನ್ನ ಕಲಿಸಬಹುದಿತ್ತಲ್ಲ ಅಂತ ಯಾರಿಗೂ ಹೊಳೆಯಲಿಲ್ಲವಾ? ಹೊಳೆದಿತ್ತು. ಒಂದಲ್ಲ, ಹಲವು ಸಲ.

1902ರ ಜೂನ್ 30ಕ್ಕೆ ಹೋಗೋಣ. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ ಅದು. ನೋಡೋಕೆ ಅವರೇ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಠ ಶುರು ಮಾಡಿದಾಗ, ಮೊದಲ ವಿಭಾಗಗಳಲ್ಲೇ ವಿದ್ಯುತ್ ತಂತ್ರಜ್ಞಾನವೂ ಒಂದು. ಅಂದರೆ ಮೇಲಿನ ಮೆಟ್ಟಿಲಿನ ಕಲಿಕೆ ಬಲು ಬೇಗ ಬಂತು. ಕೆಳಗಿನ ಮೆಟ್ಟಿಲು?

ಆಗ ನಮ್ಮ ಕಲಬುರಗಿ ಮೈಸೂರಿನಲ್ಲೇ ಇರಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್ 17ಕ್ಕೆ ಆ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮರುವರ್ಷ, 1957ರಲ್ಲಿ, ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ನಮ್ಮ ಹಿರಿಯರು ಇವತ್ತಿಗೂ ಲೈನ್‌ಮನ್‌ಗೆ "ಕೆಇಬಿಯವರು" ಅನ್ನೋದು ಅದಕ್ಕೇ.

ಈಗ ಮುಖ್ಯ ತಿರುವು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗ ಒಂದು ದೊಡ್ಡ ಗುರಿ ಹಾಕಿತು: 1986ರ ಹೊತ್ತಿಗೆ ಹೈಸ್ಕೂಲ್ ಹಂತದ ಮಕ್ಕಳಲ್ಲಿ ನೂರಕ್ಕೆ 20 ಜನ, ಹತ್ತನೇ ತರಗತಿ ದಾಟಿದವರಲ್ಲಿ ನೂರಕ್ಕೆ 50 ಜನ ಕಸುಬಿನ ಶಿಕ್ಷಣದಲ್ಲಿ ಇರಬೇಕು. ಅರ್ಧಕ್ಕರ್ಧ! ಅಲ್ಲಿಗೆ ನಾವು ಯಾವತ್ತೂ ಮುಟ್ಟಲಿಲ್ಲ.

ಪ್ರಯತ್ನ ಮಾತ್ರ ನಡೆದಿತ್ತು. ಕರ್ನಾಟಕದಲ್ಲಿ ಜೂನಿಯರ್ ಟೆಕ್ನಿಕಲ್ ಸ್ಕೂಲ್ ಅಂತ ಇವೆ, ಚಿಕ್ಕದಾಗಿ ಜೆಟಿಎಸ್. ಎಂಟನೇ ತರಗತಿಗೆ ಸೇರಿದ ಹುಡುಗ ಕನ್ನಡ, ಗಣಿತದ ಜೊತೆಗೇ ವರ್ಕ್‌ಶಾಪಿನಲ್ಲಿ ನಿಂತು ಕೆಲಸ ಕಲಿಯುತ್ತಾನೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಎಂಜಿನಿಯರಿಂಗ್ ಗ್ರಾಫಿಕ್ಸ್ ಅಂತ ಕಂಡು "ಇದು ಯಾರ ಪೇಪರಪ್ಪಾ?" ಅಂದುಕೊಂಡಿದ್ದರೆ, ಅದು ಇವರದು. ಐಡಿಯಾ ಚೆನ್ನಾಗಿತ್ತು, ಆದರೆ ಇಂಥ ಶಾಲೆಗಳು ಬೆರಳೆಣಿಕೆಯಷ್ಟೇ.

1970ರ ದಶಕದ ಕೊನೆಗೆ ಪಿಯುಸಿ ಹಂತದಲ್ಲಿ ಜೆಒಸಿ, ಅಂದರೆ ಉದ್ಯೋಗ ಆಧಾರಿತ ಕೋರ್ಸುಗಳು ಬಂದವು. ಎಲೆಕ್ಟ್ರಿಕಲ್ ವೈರಿಂಗ್ ಕೂಡ ಅದರಲ್ಲಿತ್ತು. 2010ರ ಆಸುಪಾಸಿಗೆ ಅದೂ ಮುಚ್ಚಿತು. ಈಗ ಆಯ್ದ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಹೆಸರಲ್ಲಿ, ತೃತೀಯ ಭಾಷೆಯ ಬದಲು ಐಟಿ, ರೀಟೇಲ್, ಆಟೊಮೊಬೈಲ್‌ನಂಥ ವಿಷಯಗಳಿವೆ.

ಯಾಕೆ ಹೀಗಾಯ್ತು? ವರ್ಕ್‌ಶಾಪ್, ಸಾಮಾನು, ಕಲಿಸೋ ಮೇಷ್ಟ್ರು, ಎಲ್ಲಕ್ಕೂ ದುಡ್ಡು ಬೇಕು. ಅದು ಒಂದು ಕಾರಣ. ಇನ್ನೊಂದು ನಮ್ಮ ಮನೆಯೊಳಗೇ ಇದೆ ಅನ್ನಿಸುತ್ತೆ: ಸ್ಕ್ರೂಡ್ರೈವರ್ ಹಿಡಿಯೋದು ಮಾರ್ಕ್ಸ್ ಬಾರದವರ ದಾರಿ ಅನ್ನೋ ಮಾತು. ತಮಾಷೆ ನೋಡಿ, ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಮನೆ ವೈರಿಂಗಿನ ಚಿತ್ರವೇ ಇದೆ. ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ, ಫ್ಯೂಸ್, 220 ವೋಲ್ಟ್. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಆ ಸಜೀವ ತಂತಿಯೇ ಮೇಸ್ತ್ರಿ ಹೇಳೋ "ಫೇಸು" ಅಂತ ಎಷ್ಟು ಜನಕ್ಕೆ ಗೊತ್ತು? ಪುಸ್ತಕ ಓದಿದವನು ಬೋರ್ಡ್ ಬಿಚ್ಚಿಲ್ಲ, ಬೋರ್ಡ್ ಬಿಚ್ಚಿದವನು ಪುಸ್ತಕ ಓದಿಲ್ಲ. ಇವರಿಬ್ಬರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸೋಕೆ ನಮಗೆ ಇನ್ನೂ ಆಗಿಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ಐಟಿಐನಲ್ಲಿ ಎರಡು ವರ್ಷದ ವೈರ್‌ಮನ್ ಟ್ರೇಡಿಗೆ ಎಂಟನೇ ತರಗತಿ ಸಾಕು. ಎಲೆಕ್ಟ್ರಿಷಿಯನ್ ಟ್ರೇಡಿಗೆ ಹತ್ತನೇ ತರಗತಿ ಪಾಸಾಗಬೇಕು. ಅಲ್ಲಿ ಶುರುವಿಗೇ ಕಲಿಸೋದು ಸುರಕ್ಷತೆ: ಸಪ್ಲೈ ಬಂದ್ ಮಾಡು, ಟೆಸ್ಟರ್ ಹಚ್ಚಿ ನೋಡು, ಆಮೇಲೆ ಕೈ ಹಾಕು. ಶಾಕ್ ಹೊಡೆದವನಿಗೆ ಕೃತಕ ಉಸಿರು ಕೊಡೋದನ್ನೂ ಕಲಿಸ್ತಾರೆ.

2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆಯಿತು. ನಮ್ಮ ಜೆಸ್ಕಾಂ ಹುದ್ದೆಗಳೂ ಅದರಲ್ಲಿದ್ದವು. ಎಂಟು ಮೀಟರ್ ಕಂಬ ಹತ್ತೋ ಪರೀಕ್ಷೆ ಇತ್ತು. ಆದರೆ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ, ಆಯ್ಕೆಗೆ ಆಧಾರವೂ ಅದರ ಅಂಕಗಳೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮೇಸ್ತ್ರಿ ಹಿಂದೆ ಹೋದ ಹುಡುಗ ಕಂಬವನ್ನೇನೋ ಸರಸರ ಹತ್ತಬಲ್ಲ. ಆದರೆ ಆ ಕಂಬದ ಹತ್ತಿರಕ್ಕೇ ಅವನನ್ನ ಬಿಡಲ್ಲ.

ಅದಕ್ಕೇ ಹೇಳೋದು: ಊರಿನ ಆ ಚುರುಕು ಕೈಯ ಹುಡುಗ ನಿಮ್ಮ ತಮ್ಮನೋ ಗೆಳೆಯನೋ ಆಗಿದ್ದರೆ, ಅವನ ಕೈಯಿಂದ ಟೆಸ್ಟರ್ ಕಿತ್ತುಕೊಳ್ಳಬೇಡಿ. ಅವನ ಚೀಲದಲ್ಲಿ ವಿಜ್ಞಾನದ ಪುಸ್ತಕವೂ ಇರೋ ಹಾಗೆ ನೋಡಿಕೊಳ್ಳಿ. "ಹತ್ತನೇದು ಮುಗಿಸಪಾ, ಆಮ್ಯಾಲ ಕಂಬ ಹತ್ತುವಂತಿ" ಅಂತ ಒಂದು ಮಾತು ಹೇಳಿ.