ರಾಹುಲೋಪದೇಶವೂ ಬಾಲಕರ ಧ್ಯಾನಶಿಕ್ಷಣವೂ

ಇಂಡಿ, ಸಿಂದಗಿ ಸೀಮೆಗಳನ್ನು ತೋಯಿಸಿ ಹರಿಯುವ ಭೀಮಾನದಿಯು ಮುಂದೆ ಚಿತ್ತಾಪುರ ಪ್ರಾಂತದ ಸನ್ನತಿಯನ್ನು ಮುಟ್ಟುತ್ತದೆ. ಅಲ್ಲಿಯ ಕಾಳಿಕಾಗುಡಿಯಲ್ಲಿ ವಿಗ್ರಹಪೀಠವಾಗಿದ್ದ ಶಿಲೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು 1980ರ ದಶಕದಲ್ಲಿ ಗೋಚರಿಸಿದುವು. 1994ರಿಂದ ನಡೆದ ಉತ್ಖನನದಲ್ಲಿ ನೆರೆಯ ಕನಗನಹಳ್ಳಿಯ ಮಹಾಸ್ತೂಪವೂ, ಬ್ರಾಹ್ಮೀಲಿಪಿಯಲ್ಲಿ ನಾಮಾಂಕಿತವಾದ ಆ ಅರಸನ ಶಿಲ್ಪವೂ ಬೆಳಕಿಗೆ ಬಂದುವು. ಬೌದ್ಧಧರ್ಮವು ಈ ನದೀತೀರಕ್ಕೆ ಪರದೇಶದ ವಾರ್ತೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದುದರಿಂದ ಆ ಧರ್ಮವು ಎಳೆಯರಿಗೆ ಧ್ಯಾನವನ್ನು ಯಾವ ಕ್ರಮದಿಂದ ಕಲಿಸಿತೆಂಬುದು ಇಲ್ಲಿಯ ಗೃಹಸ್ಥರಿಗೂ ವಿಚಾರಾರ್ಹವಾದ ವಿಷಯ.

ಬುದ್ಧನ ಮಗನಾದ ರಾಹುಲನು ಬಾಲ್ಯದಲ್ಲಿಯೇ ಸಂಘವನ್ನು ಸೇರಿದವನು. ಮಜ್ಝಿಮನಿಕಾಯದ 61 ಮತ್ತು 62ನೆಯ ಸೂತ್ರಗಳಲ್ಲಿ ತಂದೆಯು ಅವನಿಗಿತ್ತ ಎರಡು ಉಪದೇಶಗಳಿವೆ. ವ್ಯಾಖ್ಯಾನಕಾರರ ಮತದಂತೆ ಮೊದಲನೆಯದು ಅವನ ಏಳನೆಯ ವಯಸ್ಸಿನದು. ಅದರಲ್ಲಿ ಉಸಿರಿನ ಧ್ಯಾನದ ಮಾತೇ ಇಲ್ಲ. ಪಾತ್ರೆಯ ತಳದಲ್ಲಿ ಉಳಿದ ತುಸು ನೀರನ್ನು ತೋರಿಸಿ, ತಿಳಿದೂ ಸುಳ್ಳಾಡಲು ನಾಚದವನ ಶ್ರಮಣತ್ವವು ಅಷ್ಟೇ ಅಲ್ಪವೆಂದು ಬುದ್ಧನು ಹೇಳುತ್ತಾನೆ. ಆ ನೀರನ್ನು ಚೆಲ್ಲಿ, ಪಾತ್ರೆಯನ್ನು ಬೋರಲಿಟ್ಟು, ಅದೇ ಪಾಠವನ್ನು ಮತ್ತೆ ಮತ್ತೆ ಮನಗಾಣಿಸುತ್ತಾನೆ. ಬಳಿಕ ಕನ್ನಡಿಯ ದೃಷ್ಟಾಂತ: ಕಾರ್ಯಕ್ಕೆ ಮುನ್ನ, ಮಾಡುವಾಗ, ಮಾಡಿದ ಮೇಲೆ, ಅದು ತನಗಾಗಲಿ ಪರರಿಗಾಗಲಿ ಕೇಡು ತರುವುದೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಉಪದೇಶವು ಹದಿನೆಂಟರ ಹರೆಯದ್ದೆಂದು ಹೇಳುತ್ತಾರೆ. ವಿವಿಧ ಧ್ಯಾನಗಳು ಇಲ್ಲಿ ಬರುತ್ತವೆ. ಶುಚಿಯನ್ನೂ ಅಶುಚಿಯನ್ನೂ ಹೇಸದೆ ಧರಿಸುವ ಪೃಥ್ವಿಯಂತೆ ಮನವನ್ನು ಮಾಡುವುದು ಒಂದು. ದ್ವೇಷಕ್ಕೆ ಮೈತ್ರಿ, ಹಿಂಸಾಬುದ್ಧಿಗೆ ಕರುಣೆ, ಅತೃಪ್ತಿಗೆ ಮುದಿತೆ, ಪ್ರತಿಘಕ್ಕೆ ಉಪೇಕ್ಷೆ, ಅಹಂಕಾರಕ್ಕೆ ಅನಿತ್ಯಭಾವನೆ, ಹೀಗೆ ರೋಗವನ್ನರಿತು ಮದ್ದು ಕೊಟ್ಟಂತೆ ಇವು ವಿಹಿತವಾಗಿವೆ. ಉಸಿರನ್ನು ಗಮನಿಸುವ ಆನಾಪಾನಸ್ಮೃತಿಯ 16 ಮೆಟ್ಟಿಲುಗಳು ಕಟ್ಟಕಡೆಗೆ ಬರುತ್ತವೆ.

ಈ ಕ್ರಮವು ಅಶೋಕನಿಗೂ ಸಮ್ಮತವಾಗಿತ್ತು. ಬೈರಾಟದ ಶಾಸನದಲ್ಲಿ ಅವನು ಭಿಕ್ಷುಗಳಿಗೂ ಉಪಾಸಕರಿಗೂ ಸೂಚಿಸಿದ ಏಳು ಗ್ರಂಥಭಾಗಗಳಲ್ಲಿ, ಅಸತ್ಯವನ್ನು ಕುರಿತ ರಾಹುಲೋಪದೇಶವೂ ಒಂದು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನವು ಮಾತಾಪಿತೃಗಳ ಸೇವೆ, ಸತ್ಯವಚನ, ಆಚಾರ್ಯನಲ್ಲಿ ಶಿಷ್ಯನ ಗೌರವ ಇವನ್ನೇ ಪುರಾತನ ಧರ್ಮವೆಂದು ವಿಧಿಸುತ್ತದೆ. 1966ರಲ್ಲಿ ಸ್ಥಾಪಿತವಾದ ಮುಂಡಗೋಡದ ಟಿಬೇಟಿಯನ್ ವಸತಿಯ ಮಠಗಳಲ್ಲಿಯೂ ಬಾಲಭಿಕ್ಷುಗಳು ಮೊದಲು ಗ್ರಂಥಗಳನ್ನು ಕಂಠಸ್ಥ ಮಾಡಿ, ತರುವಾಯ ವಾದಶಾಸ್ತ್ರವನ್ನು ಅಭ್ಯಸಿಸುತ್ತಾರೆ.

ಇಂದು ಶಾಲೆಗಳಲ್ಲಿಯೂ ಶಿಬಿರಗಳಲ್ಲಿಯೂ ಮಕ್ಕಳಿಗೆ ಆನಾಪಾನವನ್ನು ಕಲಿಸುವುದುಂಟು. ಅದು ಸ್ತುತ್ಯವೇ. ಆದರೆ ಏಕಾಗ್ರತೆಯಿಂದ ಅಂಕಗಳು ಹೆಚ್ಚಲೆಂಬುದೊಂದೇ ಉದ್ದೇಶವಾದರೆ, ಕಡೆಯ ಪಾಠವನ್ನು ಮೊದಲಿಗಿಟ್ಟು ಮೊದಲನೆಯದನ್ನು ಬಿಟ್ಟಂತಾಗುವುದು. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ, ಒಳಗೆ ಕುಳಿತ ತಂದೆಯು ‘ಅಪ್ಪ ಊರಲ್ಲಿಲ್ಲ’ವೆಂದು ಮಗುವಿನಿಂದ ಹೇಳಿಸಿದರೆ, ಸಂಜೆ ಆ ಮಗು ಕಣ್ಮುಚ್ಚಿ ಕುಳಿತು ಗಳಿಸುವುದೇನು? ಬಸವಣ್ಣನವರ ಜನ್ಮಭೂಮಿಯೆನಿಸಿದ ಬಾಗೇವಾಡಿಯ ನೆರೆಹೊರೆಯವರಿಗೆ, ನುಡಿ ಶುದ್ಧವಾಗದೆ ಅಂತರಂಗವು ಶುದ್ಧವಾಗದೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ರಾಹುಲನ ಮೊದಲ ಪಾಠಕ್ಕೆ ಒಂದು ಪಾತ್ರೆ ನೀರು ಸಾಕಾಯಿತು. ಅದು ಯಾರ ಮನೆಯಲ್ಲಿಯೂ ಇಲ್ಲದ ವಸ್ತುವಲ್ಲ.