ರಾಜಧಾನಿ ಬೆಂಗಳೂರಿನ ಕ್ರೀಡಾ ಜೀವನ ಹಾಗೂ ಅಂತರರಾಷ್ಟ್ರೀಯ ಬಾಂಧವ್ಯ: ಸಿರವಾರ ತಾಲ್ಲೂಕಿನ ಅರ್ಜಿದಾರರಿಗೆ ಮಾಹಿತಿ

ರಾಯಚೂರು ಜಿಲ್ಲೆಯ ಸಿರವಾರವು ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು, 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿದೆ. ಇಲ್ಲಿಂದ ರಾಜಧಾನಿ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ರಾಜ್ಯದ ಪ್ರಮುಖ ಕ್ರೀಡಾ ಸೌಲಭ್ಯಗಳೂ ವಿದೇಶಗಳೊಡನೆ ವ್ಯವಹರಿಸುವ ಕಚೇರಿಗಳೂ ಬಹುಪಾಲು ಆ ನಗರದಲ್ಲಿಯೇ ಇರುವುದರಿಂದ, ಈ ಭಾಗದ ಕ್ರೀಡಾಪಟುಗಳು ಹಾಗೂ ಪೋಷಕರ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ನಗರದ ಕ್ರೀಡಾಂಗಣಗಳು

ಬೆಂಗಳೂರಿನ ಕ್ರೀಡಾ ಸೌಲಭ್ಯಗಳ ಇತಿಹಾಸದಲ್ಲಿ 1997ನೇ ವರ್ಷವು ಮುಖ್ಯವಾದುದು. ಆ ವರ್ಷ ನಾಲ್ಕನೆಯ ರಾಷ್ಟ್ರೀಯ ಕ್ರೀಡಾಕೂಟವು ಕರ್ನಾಟಕದಲ್ಲಿ ನಡೆಯಿತು. ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣವು ಈಗಿನ ರೂಪದಲ್ಲಿ ಸಜ್ಜಾದದ್ದು ಆ ಕೂಟಕ್ಕಾಗಿ. ಕ್ರೀಡಾಪಟುಗಳ ವಾಸ್ತವ್ಯಕ್ಕೆಂದು ಕೋರಮಂಗಲದಲ್ಲಿ ನಿರ್ಮಿಸಲಾದ ವಸತಿ ಸಮುಚ್ಚಯವನ್ನು ಇಂದಿಗೂ ರಾಷ್ಟ್ರೀಯ ಕ್ರೀಡಾ ಗ್ರಾಮವೆಂದೇ ಕರೆಯಲಾಗುತ್ತದೆ.

ಕಂಠೀರವ ಕ್ರೀಡಾಂಗಣವು ಓಟ, ಎಸೆತ, ಜಿಗಿತಗಳಿಗೂ ಫುಟ್‌ಬಾಲಿಗೂ ಬಳಕೆಯಾಗುತ್ತಿದೆ. 2016ರ ಎ.ಎಫ್.ಸಿ. ಕಪ್ ಸೆಮಿಫೈನಲಿನಲ್ಲಿ ಬೆಂಗಳೂರು ಎಫ್.ಸಿ. ತಂಡವು ಮಲೇಷ್ಯಾದ ಜೋಹೋರ್ ತಂಡವನ್ನು ಇಲ್ಲಿಯೇ 3-1ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೆ ಅರ್ಹತೆ ಪಡೆಯಿತು. 2023ರ ಜೂನ್-ಜುಲೈ ತಿಂಗಳುಗಳಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ಇಲ್ಲಿ ಜರುಗಿತು. ವೀಸಾ ವಿಳಂಬದ ಕಾರಣ ಪಾಕಿಸ್ತಾನ ತಂಡವು ಭಾರತದೊಡನೆ ಆಡಬೇಕಿದ್ದ ದಿನವೇ ನಗರವನ್ನು ತಲುಪಿ, ಅಂದೇ ಸಂಜೆ ಆಟಕ್ಕಿಳಿದು 4-0ರಿಂದ ಸೋತಿತು. ಆಟದ ಸಿದ್ಧತೆಯಷ್ಟೇ ಕಾಗದಪತ್ರಗಳ ಸಿದ್ಧತೆಯೂ ಅಗತ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದೊರೆಯುವುದು ಕಷ್ಟ. 2025ರ ಜುಲೈ 5ರಂದು ಇದೇ ಅಂಗಳದಲ್ಲಿ ನಡೆದ ಜಾವೆಲಿನ್ ಎಸೆತದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಪ್ರಥಮ ಸ್ಥಾನ ಪಡೆದರು. ಕೆನ್ಯಾದ ಜೂಲಿಯಸ್ ಯೇಗೋ ದ್ವಿತೀಯ ಹಾಗೂ ಶ್ರೀಲಂಕಾದ ರುಮೇಶ್ ಪತಿರಗೆ ತೃತೀಯರಾದರು. ಪಕ್ಕದ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯು ನಡೆದಿದೆ.

ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯವು 1974ರ ನವೆಂಬರ್‌ನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ನಡುವೆ ನಡೆಯಿತು. ವಿವಿಯನ್ ರಿಚರ್ಡ್ಸ್ ಹಾಗೂ ಗಾರ್ಡನ್ ಗ್ರೀನಿಜ್ ಇಬ್ಬರೂ ತಮ್ಮ ಮೊದಲ ಟೆಸ್ಟ್ ಆಡಿದ್ದು ಆ ಪಂದ್ಯದಲ್ಲಿ. ಅಫ್ಘಾನಿಸ್ತಾನವು ತನ್ನ ಇತಿಹಾಸದ ಪ್ರಥಮ ಟೆಸ್ಟ್ ಪಂದ್ಯವನ್ನು 2018ರ ಜೂನ್‌ನಲ್ಲಿ ಆಡಿದ್ದೂ ಇಲ್ಲಿಯೇ. ಪಂದ್ಯ ಎರಡೇ ದಿನಗಳಲ್ಲಿ ಮುಗಿಯಿತು. 2025ರ ಜೂನ್ 4ರಂದು ವಿಜಯೋತ್ಸವದ ಸಂದರ್ಭದಲ್ಲಿ ಈ ಕ್ರೀಡಾಂಗಣದ ಹೊರಗೆ ಉಂಟಾದ ನೂಕುನುಗ್ಗಲಿನಲ್ಲಿ 11 ಜನರು ಮೃತಪಟ್ಟರು. ತದನಂತರ, ಆ ವರ್ಷದ ಮಹಿಳಾ ವಿಶ್ವಕಪ್‌ನ ಇಲ್ಲಿನ ಪಂದ್ಯಗಳನ್ನು ಬೇರೆಡೆಗೆ ಸ್ಥಳಾಂತರಿಸಲಾಯಿತು.

ಕಬ್ಬನ್ ಉದ್ಯಾನದ ಟೆನ್ನಿಸ್ ಅಂಗಳ, ಶಾಂತಿನಗರದ ಹಾಕಿ ಕ್ರೀಡಾಂಗಣ, ಬಸವನಗುಡಿಯ ಈಜುಕೇಂದ್ರ, ಜ್ಞಾನಭಾರತಿ ಆವರಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಇವುಗಳೂ ಉಲ್ಲೇಖಾರ್ಹವಾಗಿವೆ.

ಸೋದರಿ ನಗರಗಳು

ಬೆಲಾರೂಸ್ ದೇಶದ ಮಿನ್ಸ್ಕ್ ನಗರದೊಡನೆ ಬೆಂಗಳೂರಿನ ಸೋದರಿ ನಗರ ಸಂಬಂಧವು 1973ರಷ್ಟು ಹಳೆಯದು. ಚಿನ್ನಸ್ವಾಮಿ ಕ್ರೀಡಾಂಗಣದ ಸಮೀಪದ ವೃತ್ತಕ್ಕೆ ಮಿನ್ಸ್ಕ್ ಚೌಕವೆಂಬ ಹೆಸರಿದ್ದು, ಪಂದ್ಯ ನೋಡಲು ಬರುವ ಸಾವಿರಾರು ಜನರು ಕಾರಣ ತಿಳಿಯದೆಯೇ ಅದನ್ನು ದಾಟಿಹೋಗುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳೊಡನೆಯೂ ಇಂತಹ ಸಂಬಂಧವಿದೆ. ಚೀನಾದ ಚೆಂಗ್ಡು ನಗರದೊಡನೆ 2013ರಲ್ಲಿ ಒಪ್ಪಂದವಾಯಿತು. ಚೆಂಗ್ಡು ರಾಜಧಾನಿಯಾಗಿರುವ ಸಿಚುವಾನ್ ಪ್ರಾಂತ್ಯದೊಡನೆ ಕರ್ನಾಟಕ ರಾಜ್ಯವು 2015ರಲ್ಲಿ ಸೋದರ ಸಂಬಂಧ ಹೊಂದಿತು. ಬ್ರಿಟನ್, ಫ್ರಾನ್ಸ್, ಜರ್ಮನಿ ಮುಂತಾದ ದೇಶಗಳ ಕಾನ್ಸುಲರ್ ಕಚೇರಿಗಳು ನಗರದಲ್ಲಿವೆ. ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಕ್ರೀಡೆಯ ಮೂಲಕ ಹೊರದೇಶಗಳಿಗೆ ತಲುಪಿದ್ದರಲ್ಲಿ ಹಾಲೂ ಸೇರಿದೆ: 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಗಳ ಮೇಲೆ ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಹೆಸರಿತ್ತು.

ಸಿರವಾರದಿಂದ ರಾಜಧಾನಿಗೆ

ಶಾಲಾ ಕ್ರೀಡಾಕೂಟಗಳು ಹಾಗೂ ದಸರಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಹಂತಗಳಲ್ಲಿ ನಡೆಯುತ್ತವೆ. ರಾಯಚೂರು ಜಿಲ್ಲೆಯು ಕಲಬುರಗಿ ವಿಭಾಗಕ್ಕೆ ಸೇರಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆಯ ಪ್ರಕಟಣೆ ಹೊರಟಾಗ, ಇಲಾಖೆಯ ರಾಯಚೂರು ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ಎರೆಮಣ್ಣಿನ ಬಯಲಿನಲ್ಲಿ ಓಡಿ ಬೆಳೆದ ಮಗುವಿಗೆ ಸಿಂಥೆಟಿಕ್ ಟ್ರ್ಯಾಕ್ ಹೊಸದಾಗಿ ಕಾಣುವುದು ಸಹಜ. ಅದು ಕೆಲವು ವಾರಗಳ ಅಭ್ಯಾಸದಿಂದ ಸರಿಹೋಗುವ ತೊಡಕು. ದಾಖಲೆಯ ತೊಡಕು ಹಾಗಲ್ಲ. ಅದು ಗೆದ್ದ ಮಗುವನ್ನೂ ಪಟ್ಟಿಯಿಂದ ಕೈಬಿಡುವಂತೆ ಮಾಡಬಲ್ಲದು.

ವಯೋಮಿತಿಯ ಸ್ಪರ್ಧೆಗಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಜನನವನ್ನು 21 ದಿನಗಳೊಳಗೆ ನೋಂದಾಯಿಸತಕ್ಕದ್ದು. ಒಂದು ವರ್ಷ ಮೀರಿದಲ್ಲಿ, 2023ರ ತಿದ್ದುಪಡಿ ಕಾಯ್ದೆಯಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕೃತಗೊಂಡ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಆದೇಶ ಅವಶ್ಯಕ. ಹಿಂದಿನಂತೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಈ ಆದೇಶಕ್ಕೆ ಕಾಲಾವಕಾಶ ಬೇಕಾಗುವುದರಿಂದ ಆಯ್ಕೆಯಾದ ಮೇಲೆ ಅರ್ಜಿ ಸಲ್ಲಿಸುವುದು ತಡವಾದೀತು.

ತಾಲ್ಲೂಕು ವಿಭಜನೆಗೆ ಮುಂಚಿನ ದಾಖಲೆಗಳಲ್ಲಿ ಮಾನ್ವಿ ತಾಲ್ಲೂಕು ಎಂದೂ, ನಂತರದವುಗಳಲ್ಲಿ ಸಿರವಾರ ತಾಲ್ಲೂಕು ಎಂದೂ ನಮೂದಾಗಿರುವುದುಂಟು. ಜನನ ಪತ್ರದಲ್ಲಿರುವ ಹಳೆಯ ತಾಲ್ಲೂಕಿನ ಹೆಸರು ತಪ್ಪಲ್ಲ. ಆ ಕಾಲಕ್ಕೆ ಅದೇ ಸರಿಯಾದುದು. ಆದರೆ ಮಗುವಿನ ಹೆಸರು, ತಂದೆಯ ಹೆಸರು ಹಾಗೂ ಜನ್ಮ ದಿನಾಂಕಗಳು ಜನನ ಪತ್ರ, ಶಾಲಾ ದಾಖಲಾತಿ, ಆಧಾರ್ ಮೂರರಲ್ಲಿಯೂ ಒಂದೇ ಆಗಿರತಕ್ಕದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಬಗೆಬಗೆಯಾಗಿ ಬರೆಯುವ ರೂಢಿ ಇರುವುದರಿಂದ ಈ ಬಗ್ಗೆ ವಿಶೇಷ ಗಮನ ಅಗತ್ಯ. ವಾಸಸ್ಥಳ, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬಹುದಾಗಿದೆ.

ವಿದೇಶದ ಸ್ಪರ್ಧೆಗೆ ಆಯ್ಕೆಯಾಗುವ ಸಂಭವವಿರುವವರು ಪಾಸ್‌ಪೋರ್ಟನ್ನು ಮುಂಚಿತವಾಗಿಯೇ ಪಡೆದಿರುವುದು ಸೂಕ್ತ. ಕರ್ನಾಟಕಕ್ಕೆ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯು ಬೆಂಗಳೂರಿನ ಕೋರಮಂಗಲದಲ್ಲಿದ್ದರೂ ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಿ, ಸಮೀಪದ ಸೇವಾ ಕೇಂದ್ರವನ್ನು ಆಯ್ದುಕೊಳ್ಳಲು ಅವಕಾಶವಿದೆ. ಅಪ್ರಾಪ್ತರ ಅರ್ಜಿಯೊಡನೆ ತಂದೆತಾಯಿಯರ ಒಪ್ಪಿಗೆಯ ಘೋಷಣೆಯನ್ನು ಅನುಬಂಧ-ಡಿ ನಮೂನೆಯಲ್ಲಿ ಲಗತ್ತಿಸತಕ್ಕದ್ದು. ಅಪ್ರಾಪ್ತರ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷಗಳಾಗಿದ್ದು, ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಉಳಿದಿರಬೇಕೆಂದು ಅನೇಕ ದೇಶಗಳು ಷರತ್ತು ವಿಧಿಸುತ್ತವೆ.

ಮೂಲ ದಾಖಲೆಗಳನ್ನು ಪರಿಶೀಲನೆಗೆ ಮಾತ್ರ ಹಾಜರುಪಡಿಸಿ, ಪರಿಶೀಲನೆ ಮುಗಿದ ಕೂಡಲೇ ಹಿಂಪಡೆಯತಕ್ಕದ್ದು. ಸಲ್ಲಿಸಿದ ಪ್ರತಿಯೊಂದು ಅರ್ಜಿಗೂ ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳತಕ್ಕದ್ದು.