ಎಂಬತ್ತನೆಯ ಬಾಗಿಲು

ಹೈದರಾಬಾದಿನ ಕಾಚಿಗೂಡದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ನಿಜಾಮರ ಕಾಲದ ಕಂದಾಯ ದಫ್ತರಗಳ ಪದಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು. ಬೀದರ, ಕಲಬುರಗಿ, ರಾಯಚೂರಿನ ಹಳೆಯ ಕಾಗದಪತ್ರ ಅನುವಾದಕ್ಕೆ ಬಂದರೆ ನಾನು ಮೊದಲು ನೋಡುತ್ತಿದ್ದುದು ಆ ಪದಕೋಶವನ್ನೇ. ಅದು ಅಚ್ಚಾಗಿರಲಿಲ್ಲ. ಅವರ ವಿಂಡೋಸ್ ಕಂಪ್ಯೂಟರಿನಲ್ಲಿ, ಐಐಎಸ್ ಎಂಬ ವೆಬ್ ಸರ್ವರ್ ಮೇಲೆ, ಎಎಸ್‌ಪಿ ಪುಟಗಳಾಗಿ ಇತ್ತು. ಅಕ್ಷರಗಳು ಯುನಿಕೋಡಿಗೆ ಮುಂಚಿನ ಫಾಂಟಿನವು. ಅವರು ತೀರಿಕೊಂಡ ಮೇಲೆ ಮಗಳು ಆ ಪೆಟ್ಟಿಗೆಯನ್ನು ನನ್ನ ಮನೆಗೆ ತಂದಿಟ್ಟು, "ಅಪ್ಪಂದು ಇದೊಂದು ನಿಂತುಹೋಗಬಾರದು ನೋಡಿ" ಅಂದರು.

ಹೊಸ ಯುನಿಕೋಡ್ ಆವೃತ್ತಿಯನ್ನು ಅದೇ ಕಂಪ್ಯೂಟರಿನಲ್ಲಿ ಅಪಾಚೆ ಮೇಲೆ ಕಟ್ಟೋಣ ಎಂದುಕೊಂಡೆ. ಅಪಾಚೆ ಏಳಲೇ ಇಲ್ಲ. 80ನೇ ಪೋರ್ಟಿನಲ್ಲಿ ಆಗಲೇ ಬೇರೆ ಯಾರೋ ಕೂತಿದ್ದಾರೆ ಎಂಬ ಸಂದೇಶ ಬಂತು.

ಈ ಜಗಳಕ್ಕೆ ವೆಬ್ಬಿನಷ್ಟೇ ವಯಸ್ಸು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಎಚ್‌ಟಿಟಿಪಿ ವಿವರಣೆಯಲ್ಲೇ ವೆಬ್ ಸರ್ವರಿಗೆ 80ನೇ ಪೋರ್ಟ್ ಗೊತ್ತಾಗಿತ್ತು. ಒಂದು ಯಂತ್ರಕ್ಕೆ ಅರುವತ್ತೈದು ಸಾವಿರಕ್ಕೂ ಹೆಚ್ಚು ಪೋರ್ಟ್‌ಗಳಿದ್ದರೂ http:// ಎಂದು ಶುರುವಾಗುವ ವಿಳಾಸಕ್ಕೆ ಬ್ರೌಸರು ಹೇಳದೆ ಕೇಳದೆ ತಟ್ಟುವುದು ಇದೊಂದನ್ನೇ. ಒಂದು ಐಪಿ ವಿಳಾಸದ ಒಂದು ಪೋರ್ಟಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಕಾವಲು ಕೂರಬಹುದು.

ಮೊದಮೊದಲು ಒಂದು ಯಂತ್ರಕ್ಕೆ ಇಬ್ಬರು ಕಾವಲುಗಾರರು ಬೇಕೆಂದು ಯಾರಿಗೂ ಅನಿಸಿರಲಿಲ್ಲ. ರಾಬ್ ಮೆಕೂಲ್ ಬರೆದ ಎನ್‌ಸಿಎಸ್‌ಎ ಸರ್ವರಿಗೆ ಹಾಕಿದ ತೇಪೆಗಳಿಂದ 1995ರಲ್ಲಿ ಅಪಾಚೆ ಹುಟ್ಟಿತು. ಅದರ ಮನೆ ಯುನಿಕ್ಸ್. 1996ರಲ್ಲಿ ವಿಂಡೋಸ್ ಎನ್‌ಟಿ 4.0ರ ಜೊತೆಗೇ ಐಐಎಸ್ ಬಂತು. 1998ರ ಅಪಾಚೆ 1.3 ವಿಂಡೋಸಿನಲ್ಲೂ ಓಡತೊಡಗಿದಾಗ ಇಬ್ಬರೂ ಒಂದೇ ಹೊಸ್ತಿಲಲ್ಲಿ ಎದುರಾದರು. ಆಫೀಸಿನ ಹಳೆಯ ಎಎಸ್‌ಪಿ ಪುಟಗಳಿಗೆ ಐಐಎಸ್, ಹೊಸದಾಗಿ ಪಿಎಚ್‌ಪಿಯಲ್ಲಿ ಬರೆದದ್ದಕ್ಕೆ ಅಪಾಚೆ. ಎರಡೂ ಬೇಕು, ಕಂಪ್ಯೂಟರು ಮಾತ್ರ ಒಂದೇ.

ದಾರಿಗಳು ಮೂರು. ಒಬ್ಬರನ್ನು 8080ಕ್ಕೆ ಕಳಿಸುವುದು ಸುಲಭ, ಆದರೆ ವಿಳಾಸದ ಕೊನೆಗೆ ಆ ಅಂಕಿ ಬರೆಯುವುದನ್ನು ಓದುಗರು ಮರೆಯುತ್ತಾರೆ. ಯಂತ್ರಕ್ಕೆ ಎರಡು ಐಪಿ ವಿಳಾಸ ಕೊಟ್ಟು ಹಂಚುವುದು ಎರಡನೆಯದು. ಇಲ್ಲಿ ಒಂದು ತೊಡಕಿದೆ: ಐಐಎಸ್ ಬೇಡವೆಂದು ಹೇಳದಿದ್ದರೆ ಎಲ್ಲ ವಿಳಾಸಗಳ 80ನ್ನೂ ತಾನೇ ಹಿಡಿದುಕೊಳ್ಳುತ್ತದೆ. 2003ರ ಐಐಎಸ್ 6ರಿಂದ ಈ ಕೆಲಸ ವಿಂಡೋಸಿನ ತಿರುಳಿನೊಳಗೇ ನಡೆಯುತ್ತದೆ. ಹಾಗಾಗಿ ಯಾವ ವಿಳಾಸವನ್ನು ಮಾತ್ರ ಕೇಳಬೇಕೆಂದು ಬೇರೆಯಾಗಿ ಬರೆದುಕೊಡಬೇಕು.

ಮೂರನೆಯದು, ಒಬ್ಬರನ್ನು ಮುಂಬಾಗಿಲಲ್ಲಿ ಕೂರಿಸಿ ಇನ್ನೊಬ್ಬರನ್ನು ಒಳಮನೆಯಲ್ಲಿಡುವುದು. 1997ರ ಎಚ್‌ಟಿಟಿಪಿ 1.1, ಬ್ರೌಸರು ತಾನು ಹುಡುಕಿ ಬಂದ ತಾಣದ ಹೆಸರನ್ನು ಪ್ರತಿ ಕೋರಿಕೆಯಲ್ಲೂ ಹೇಳಲೇಬೇಕೆಂದು ಕಡ್ಡಾಯ ಮಾಡಿತು. ಮುಂದೆ ಕೂತವರು ಹೆಸರು ಕೇಳಿ, ತಮ್ಮದಲ್ಲದ್ದನ್ನು ಒಳಗೆ ದಾಟಿಸಬಹುದು. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಈ ಕೆಲಸದಿಂದಲೇ ಹೆಸರಾಯಿತು. ಎಷ್ಟೋ ಕಡೆ ಅದು ಮುಂದೆ, ಅಪಾಚೆ ಹಿಂದೆ.

ನಾನು ಅಪಾಚೆಯನ್ನು 80ರಲ್ಲಿ ಕೂರಿಸಿ ಐಐಎಸ್ ಅನ್ನು 8080ಕ್ಕೆ ಸರಿಸಿದೆ. ಮೊದಲು ಹಳೆಯದನ್ನು ಹೊಸ ತಾಣದ ಒಂದು ಉಪಮಾರ್ಗದಡಿ ಇಟ್ಟೆ. ಪುಟದೊಳಗಿನ ಕೊಂಡಿಗಳೆಲ್ಲ ದಾರಿ ತಪ್ಪಿದವು. ಅದಕ್ಕೆ ಸ್ವಂತ ಹೆಸರು ಕೊಟ್ಟ ಮೇಲೆ ಸರಿಹೋಯಿತು.

ಪದಗಳನ್ನು ಪರಿವರ್ತಿಸಿ ಹಳೆಯದನ್ನು ಆರಿಸಿಬಿಡಬಾರದಿತ್ತೇ ಎಂದು ಗೆಳೆಯರು ಕೇಳಿದರು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ಮುಂಚೆ. ಪರಿವರ್ತಕ ಎಡವಿದರೆ 'ವರ್ಷ' ಹೋಗಿ 'ವಷರ್' ಆಗುತ್ತದೆ. 'ವರ್ಷ'ವನ್ನು ಯಾರಾದರೂ ತಿದ್ದಿಯಾರು. 'ದಖಾರ್ಸ್ತು' ಎಂದಿದ್ದರೆ ಅದು 'ದರ್ಖಾಸ್ತು' ಎಂದು ಮುಂದಿನ ತಲೆಮಾರಿಗೆ ಹೇಗೆ ತಿಳಿಯಬೇಕು? ಮೇಷ್ಟ್ರು ಟೈಪಿಸಿದ ಪುಟ ಪಕ್ಕದಲ್ಲಿ ತೆರೆದಿದ್ದರೆ ಮಾತ್ರ.

ಅದೇ ಕೋಶದಲ್ಲಿ ಎರಡು ಪದಗಳಿವೆ: 'ಹಾಲಿ', 'ಕಲ್ದಾರ್'. ಹಾಲಿ ಸಿಕ್ಕಾ ನಿಜಾಮರ ರೂಪಾಯಿ, ಕಲ್ದಾರ್ ಬ್ರಿಟಿಷರದು. 1950ರಲ್ಲಿ ಭಾರತದ ರೂಪಾಯಿ ಹೈದರಾಬಾದಿಗೆ ಬಂದಾಗ ಹಳೆಯದನ್ನು ಒಂದೇ ರಾತ್ರಿಯಲ್ಲಿ ಕಸ ಮಾಡಲಿಲ್ಲ. ಏಳು ಹಾಲಿಗೆ ಆರು ರೂಪಾಯಿ ಎಂದು ದರ ಕಟ್ಟಿದರು. ಮರುವರ್ಷ ಹೊಸ ಹಾಲಿ ಹೊರಡಿಸುವುದು ನಿಂತಿತು, ಚಲಾವಣೆ ಪೂರ್ತಿ ರದ್ದಾದದ್ದು 1959ರಲ್ಲಿ. ಸಂತೆಗೆ ಹೋಗುವವರ ಸಂಚಿಯಲ್ಲಿದ್ದ ಹಣ ಅದು. ಅದಕ್ಕೆ ಕಾಲಾವಕಾಶ ಬೇಕಿತ್ತು.

ನನ್ನ ಮೇಜಿನ ಕೆಳಗೂ ಈಗ ಅದೇ ಏರ್ಪಾಡು. ಒಳಮನೆಯ ಹಳೆಯ ಸರ್ವರು ಮನೆಯ ಜಾಲವನ್ನು ದಾಟಿ ಹೊರಗೆ ಹೋಗುವುದಿಲ್ಲ, ಅದಕ್ಕೆ ಹೊಸ ಪದ ಸೇರಿಸುವುದಿಲ್ಲ. ದಿನಕ್ಕೆ ಇಪ್ಪತ್ತು ಪದಗಳನ್ನು ಎರಡು ಕಿಟಕಿಗಳಲ್ಲಿ ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತೇನೆ. 'ಹ'ಕಾರ ಮುಗಿದ ದಿನ ಐಐಎಸ್ ಆರಿಸಬಹುದು. ಆವತ್ತು ಮೇಷ್ಟ್ರ ಮಗಳನ್ನು ಕರೆಯಬೇಕು. ಗುಂಡಿ ಒತ್ತುವ ಹಕ್ಕು ಅವರದು.